ಗುಟ್ಟಿನ ಮನೆಪಾಠದಿಂದ ಯುದ್ಧಕಾಲದವರೆಗೆ: ರಷ್ಯನ್ ಮಾತಾಡುವ ಯಹೂದಿಗಳ ಕಲಿಕಾಕೂಟಗಳ ಮುಂದಿರುವ ಭಾಷೆಯ ಪ್ರಶ್ನೆ

1970ರ ದಶಕದಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಯಹೂದಿಗಳ ಧರ್ಮಗ್ರಂಥಗಳ ಭಾಷೆಯಾದ ಹೀಬ್ರೂ ಕಲಿಯಲು ಹೊರಟವರಿಗೆ ಎದುರಾಗುತ್ತಿದ್ದ ಮೊದಲ ತೊಡಕು ಪುಸ್ತಕದ್ದು. ಅಂಗಡಿಗಳಲ್ಲಿ ಪಠ್ಯಪುಸ್ತಕ ಸಿಗುತ್ತಿರಲಿಲ್ಲ. ನಕಲು ತೆಗೆಯುವ ಯಂತ್ರಗಳು ಸರ್ಕಾರದ ಕಾವಲಿನಲ್ಲಿದ್ದವು. ವಿದೇಶಿ ಪ್ರವಾಸಿಗರ ಚೀಲದಲ್ಲಿ ಹೇಗೋ ದೇಶದೊಳಗೆ ಬಂದ ಒಂದು ಪ್ರತಿಯನ್ನು ಪುಟಪುಟವಾಗಿ ಕ್ಯಾಮೆರಾದಲ್ಲಿ ತೆಗೆದು, ಮನೆಯಲ್ಲೇ ಒಂದು ಮೂಲೆಯನ್ನು ಕತ್ತಲು ಮಾಡಿಕೊಂಡು ಫೋಟೊ ಕಾಗದದ ಮೇಲೆ ತೊಳೆದು, ಒಣಗಿದ ಮೇಲೆ ಸುರುಟಿಕೊಳ್ಳುವ ಆ ದಪ್ಪ ಹಾಳೆಗಳನ್ನು ಕಟ್ಟಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಲಿಸುವವರಲ್ಲಿ ಅನೇಕರು ತಾವೇ ಕೆಲವು ತಿಂಗಳ ಹಿಂದೆ ಅಕ್ಷರ ತಿದ್ದಿದವರು. ನಾಲ್ಕು ಪಾಠ ಮುಂದಿದ್ದವರು ನಾಲ್ಕು ಪಾಠ ಹಿಂದಿದ್ದವರಿಗೆ ಗುರುವಾಗುತ್ತಿದ್ದರು. ಹೀಗೆ ಹೀಬ್ರೂ ಕಲಿಸುತ್ತಿದ್ದ ಯೂಲಿ ಎಡೆಲ್‌ಸ್ಟೈನ್ ಅವರನ್ನು 1984ರಲ್ಲಿ ಮಾದಕ ವಸ್ತುವಿನ ಸುಳ್ಳು ಆರೋಪದ ಮೇಲೆ ಬಂಧಿಸಿ ಶ್ರಮಶಿಬಿರಕ್ಕೆ ಕಳಿಸಲಾಯಿತು. ಮುಂದೆ ಅವರೇ ಇಸ್ರೇಲಿನ ಸಂಸತ್ತಿನ ಸಭಾಧ್ಯಕ್ಷರಾದರು.

ಇಂದು ರಷ್ಯನ್ ಮಾತಾಡುವ ಯಹೂದಿಗಳು ಜಗತ್ತಿನ ಹಲವು ದೇಶಗಳಲ್ಲಿ ನಡೆಸುವ ಕಲಿಕೆಯ ಸಮಾವೇಶಗಳಿಗೆ ನೂರಾರು ಜನ ಸಂಸಾರಸಮೇತ ಬಂದು ಎರಡು ಮೂರು ದಿನ ತಂಗುತ್ತಾರೆ. ಅವನ್ನು ನೋಡುವಾಗ ಆ ಫೋಟೊ ಹಾಳೆಗಳು ನೆನಪಾಗದೆ ಇರುವುದಿಲ್ಲ. ಬಾಗಿಲು ಹಾಕಿಕೊಂಡು ನಡೆಯುತ್ತಿದ್ದ ಪಾಠ ಬಯಲಿಗೆ ಬಂದಿದೆ. ಆದರೆ 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗಿದ ಮೇಲೆ ಈ ಕೂಟಗಳ ಬುಡದಲ್ಲಿದ್ದ ಒಂದು ನಂಬಿಕೆ ಅಲುಗಾಡಿದೆ. ಎಲ್ಲಿಗೇ ಚದುರಿದರೂ ರಷ್ಯನ್ ಭಾಷೆ ತಮ್ಮೆಲ್ಲರ ಮನೆಯಂತಿದೆ ಎಂಬುದು ಆ ನಂಬಿಕೆ. ಈ ಲೇಖನದ ವಿಷಯ ಅದೇ. ಅದನ್ನು ತಿಳಿಯಲು ಕೂಟಗಳು ಹುಟ್ಟಿದ ಬಗೆಯನ್ನೂ ಹುಟ್ಟಬೇಕಾಗಿ ಬಂದ ಕಾರಣವನ್ನೂ ಮೊದಲು ನೋಡಬೇಕು.

ಈ ಬಗೆಯ ಸಮಾವೇಶಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಲಿಮ್ಮುದ್’. ಹೀಬ್ರೂವಿನಲ್ಲಿ ಆ ಪದಕ್ಕೆ ಕಲಿಕೆ ಎಂದೇ ಅರ್ಥ. 1980ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಇದರ ಕಟ್ಟಳೆಗಳು ಸರಳವಾಗಿದ್ದರೂ ಪರಿಣಾಮದಲ್ಲಿ ದೊಡ್ಡವು. ಸಮಾವೇಶವನ್ನು ಹೊತ್ತು ನಡೆಸುವವರು ಸ್ವಯಂಸೇವಕರು. ಗೋಷ್ಠಿ ನಡೆಸಿಕೊಡುವವರಿಗೆ ಸಂಭಾವನೆ ಇಲ್ಲ. ಕೊರಳಿಗೆ ಹಾಕಿಕೊಳ್ಳುವ ಚೀಟಿಯಲ್ಲಿ ಹೆಸರಷ್ಟೇ ಇರುತ್ತದೆ, ಡಾಕ್ಟರ್, ಪ್ರೊಫೆಸರ್, ರಬ್ಬಿ (ಯಹೂದಿ ಧರ್ಮಗುರು) ಎಂಬ ಬಿರುದುಗಳಿರುವುದಿಲ್ಲ. ಬೆಳಿಗ್ಗೆ ಯಹೂದಿ ಧರ್ಮಶಾಸ್ತ್ರದ ಚರ್ಚೆಗಳ ಗ್ರಂಥವಾದ ತಾಲ್ಮುದ್ ಕುರಿತು ಮಾತಾಡಿದವರು ಮಧ್ಯಾಹ್ನ ಇನ್ನೊಬ್ಬರ ಅಡುಗೆಯ ಗೋಷ್ಠಿಯಲ್ಲಿ ಕಲಿಯುವವರಾಗಿ ಕೂರಬಹುದು. ಒಂದೇ ಹೊತ್ತಿನಲ್ಲಿ ಹಲವು ಕೋಣೆಗಳಲ್ಲಿ ಹಲವು ಗೋಷ್ಠಿಗಳು ನಡೆಯುವುದರಿಂದ ಎಲ್ಲಿ ಕೂರಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು ಬಂದವರ ಇಷ್ಟಕ್ಕೆ ಬಿಟ್ಟದ್ದು. ಸಂಪ್ರದಾಯಸ್ಥರು, ಸುಧಾರಣಾವಾದಿಗಳು, ದೇವರನ್ನು ನಂಬದವರು ಒಂದೇ ಸೂರಿನಡಿ ಕಲಿಸುತ್ತಾರೆ. ಈ ಬೆರಕೆಯೇ ಬ್ರಿಟನ್ನಿನ ಸಂಪ್ರದಾಯಸ್ಥ ರಬ್ಬಿಗಳಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಅಧಿಕಾರದಲ್ಲಿದ್ದ ಮುಖ್ಯ ರಬ್ಬಿಯೊಬ್ಬರು ಲಿಮ್ಮುದ್‌ಗೆ ಮೊದಲ ಬಾರಿ ಬಂದದ್ದು 2013ರ ಡಿಸೆಂಬರಿನಲ್ಲಿ, ಎಫ್ರೈಮ್ ಮಿರ್ವಿಸ್ ಅವರ ಕಾಲದಲ್ಲಿ.

ಹಳೆಯ ಸೋವಿಯತ್ ನಾಡುಗಳಿಗೆ ಈ ಮಾದರಿಯನ್ನು ತಂದವರು ಹಾಯಿಮ್ ಚೆಸ್ಲರ್ ಮತ್ತು ನ್ಯೂಯಾರ್ಕಿನ ಸಾಂಡ್ರಾ ಕಾನ್. ಚೆಸ್ಲರ್ ಯಹೂದಿಗಳು ಇಸ್ರೇಲಿಗೆ ವಲಸೆ ಹೋಗಲು ನೆರವಾಗುವ ಸಂಸ್ಥೆಯಾದ ಯಹೂದಿ ಏಜೆನ್ಸಿಯ ಖಜಾಂಚಿಯಾಗಿದ್ದವರು, ಅದಕ್ಕೂ ಮೊದಲು ಅದರ ಸೋವಿಯತ್ ವಲಯದ ಕೆಲಸವನ್ನು ನೋಡಿಕೊಂಡವರು. 2006ರಲ್ಲಿ ರಷ್ಯಾದಲ್ಲಿ ಶುರುವಾದ ಕೂಟ ಮುಂದಿನ ವರ್ಷಗಳಲ್ಲಿ ಉಕ್ರೇನ್, ಬೆಲರೂಸ್, ಮಾಲ್ಡೋವಾಗಳಿಗೂ, ಅಲ್ಲಿಂದ ವಲಸೆ ಹೋದವರ ಬೆನ್ನಿಗೇ ಇಸ್ರೇಲ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೂ ಹಬ್ಬಿತು. ಇದೊಂದೇ ಅಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1990ರ ದಶಕದಿಂದ ಪೂರ್ವ ಯುರೋಪಿನ ಯಹೂದಿಗಳ ಆಡುನುಡಿಯಾದ ಯಿಡ್ಡಿಷ್‌ನ ಹಾಡು ಮತ್ತು ಕ್ಲೆಜ್ಮರ್ ವಾದ್ಯಸಂಗೀತ ಕಲಿಸುವ ಕೂಟಗಳು ನಡೆದಿವೆ. ಮಾಸ್ಕೋದ ‘ಸೆಫೆರ್’ ಕೇಂದ್ರ ವಿದ್ವಾಂಸರನ್ನೂ ವಿದ್ಯಾರ್ಥಿಗಳನ್ನೂ ಕಲೆಹಾಕುತ್ತ ಬಂದಿದೆ. ತಾಲ್ಮುದ್ ಅನ್ನು ಆಧುನಿಕ ಹೀಬ್ರೂವಿಗೆ ತಂದ ರಬ್ಬಿ ಅದೀನ್ ಸ್ಟೈನ್‌ಸಾಲ್ಟ್ಜ್ ಸೋವಿಯತ್ ಒಕ್ಕೂಟ ಇನ್ನೂ ಉಸಿರಾಡುತ್ತಿದ್ದ 1989ರಲ್ಲೇ ಮಾಸ್ಕೋದಲ್ಲಿ ಯಹೂದಿ ಅಧ್ಯಯನದ ಸಂಸ್ಥೆಯೊಂದನ್ನು ತೆರೆದಿದ್ದರು.

ಬ್ರಿಟನ್ನಿನ ಯಹೂದಿಗೆ ಲಿಮ್ಮುದ್ ಎಂದರೆ ಇದ್ದ ತಿಳಿವಳಿಕೆಯನ್ನು ಹಿಗ್ಗಿಸಿಕೊಳ್ಳುವ ಅವಕಾಶ. ಅವರಿಗೆ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರ ಇತ್ತು, ಭಾನುವಾರದ ಪಾಠಶಾಲೆ ಇತ್ತು, ಶುಕ್ರವಾರ ಸಂಜೆ ದೀಪ ಹಚ್ಚುವ ಅಜ್ಜಿ ಇದ್ದರು. ಸೋವಿಯತ್ ಯಹೂದಿಯ ಕೈಯಲ್ಲಿ ಇದ್ದದ್ದು ಗುರುತಿನ ಚೀಟಿಯ ಒಂದು ಸಾಲು. 1932ರಲ್ಲಿ ಜಾರಿಗೆ ಬಂದ ಒಳನಾಡಿನ ಪಾಸ್‌ಪೋರ್ಟಿನಲ್ಲಿ ‘ರಾಷ್ಟ್ರೀಯತೆ’ ಎಂಬ ಕಾಲಂ ಇತ್ತು. ಅರ್ಜಿ ನಮೂನೆಗಳಲ್ಲಿ ಐದನೆಯದಾಗಿ ಬರುತ್ತಿದ್ದ ಕಾರಣ ಜನ ಅದನ್ನು ‘ಐದನೆಯ ಕಾಲಂ’ ಎಂದೇ ಕರೆಯುತ್ತಿದ್ದರು. ಅಲ್ಲಿ ‘ಯೆವ್ರೇಯ್’, ಅಂದರೆ ಯಹೂದಿ, ಎಂದು ಬರೆದಿದ್ದರೆ ಒಳ್ಳೆಯ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಬಹುದು, ಕೆಲಸಕ್ಕೆ ಕರೆದವರು ಮಾತು ಬದಲಿಸಬಹುದು. ಯಹೂದಿ ಎಂದು ಗುರುತು ಹಚ್ಚುವ ಪ್ರಭುತ್ವವೇ ಯಹೂದಿಯಾಗಿರುವುದರೊಳಗಿನ ತಿರುಳನ್ನೆಲ್ಲ ಬರಿದು ಮಾಡಿತ್ತು. ಹೆಸರು ಉಳಿಸಿ ಒಡವೆ ಕಸಿದುಕೊಂಡಂತೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇರುವುದು ಇಲ್ಲಿ.

ಬರಿದು ಮಾಡಿದ ಬಗೆಯನ್ನು ಒಂದು ಪದದಲ್ಲೇ ಕಾಣಬಹುದು. 1917ರ ಕ್ರಾಂತಿಯ ನಂತರ ಹೀಬ್ರೂ ಭಾಷೆಗೆ ಪ್ರತಿಗಾಮಿ ಎಂಬ ಹಣೆಪಟ್ಟಿ ಹಚ್ಚಿ ಅದರ ಶಾಲೆಗಳನ್ನು ಮುಚ್ಚಿದರು. ಜನಸಾಮಾನ್ಯರ ನುಡಿಯಾಗಿದ್ದ ಯಿಡ್ಡಿಷ್‌ಗೆ ಮಾತ್ರ ಕೆಲವು ಕಾಲ ಅವಕಾಶ ಸಿಕ್ಕಿತು. ಯಿಡ್ಡಿಷ್ ಬರೆಯುವುದು ಹೀಬ್ರೂ ಲಿಪಿಯಲ್ಲಿ, ಅದರೊಳಗಿನ ಹೀಬ್ರೂ ಮೂಲದ ಪದಗಳು ಮೂಲದ ಕಾಗುಣಿತವನ್ನೇ ಉಳಿಸಿಕೊಂಡಿದ್ದವು. ‘ಎಮೆಸ್’ ಎಂದರೆ ಸತ್ಯ. ಹೀಬ್ರೂವಿನಲ್ಲಿ ಅದು ಮೂರು ಅಕ್ಷರ: ಆಲೆಫ್, ಮೆಮ್, ತಾವ್. ವರ್ಣಮಾಲೆಯ ಮೊದಲಿನದು, ನಡುವಿನದು, ಕೊನೆಯದು. ಸತ್ಯವೇ ದೇವರ ಮುದ್ರೆ ಎನ್ನುತ್ತದೆ ತಾಲ್ಮುದ್. ಮಾಸ್ಕೋದಿಂದ ಹೊರಡುತ್ತಿದ್ದ ಯಿಡ್ಡಿಷ್ ಪತ್ರಿಕೆಯ ಹೆಸರೂ ‘ಎಮೆಸ್’ ಎಂದೇ ಇತ್ತು. ಆದರೆ ಉಚ್ಚಾರಣೆಯಂತೆ ಬರೆಯಬೇಕೆಂಬ ಹೊಸ ಕಟ್ಟಳೆಗೆ ಸಿಕ್ಕಿ ಅದು ಬೇರೆ ನಾಲ್ಕು ಅಕ್ಷರಗಳಲ್ಲಿ ಅಚ್ಚಾಗುತ್ತಿತ್ತು. ಆ ಪತ್ರಿಕೆ ಓದಿ ಬೆಳೆದ ಮಗು ಪ್ರಾರ್ಥನಾ ಪುಸ್ತಕದಲ್ಲಿ ಅದೇ ಪದವನ್ನು ಕಂಡರೆ ಗುರುತಿಸಲಾರದು. ಕನ್ನಡದಲ್ಲಿ ಮಹಾಪ್ರಾಣ ಬೇಕೇ ಬೇಡವೇ ಎಂದು ವಿದ್ವಾಂಸರು ವಾದಿಸುತ್ತಾರೆ, ಓದುಗರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಅಲ್ಲಿ ಅದು ಸರ್ಕಾರದ ಆಜ್ಞೆಯಾಗಿತ್ತು, ಆಜ್ಞೆಯ ಉದ್ದೇಶ ಮೊಮ್ಮಗನನ್ನು ಅಜ್ಜನ ಪುಸ್ತಕದಿಂದ ಬೇರೆ ಮಾಡುವುದೇ ಆಗಿತ್ತು. 1930ರ ದಶಕದ ಕೊನೆಯ ಹೊತ್ತಿಗೆ ಆ ಪತ್ರಿಕೆಯೂ ನಿಂತಿತು, ಯಿಡ್ಡಿಷ್ ಶಾಲೆಗಳೂ ಮುಚ್ಚಿದವು.

ಉಳಿದದ್ದನ್ನು ಯುದ್ಧವೂ ಸ್ಟಾಲಿನ್ನನ ಕೊನೆಯ ವರ್ಷಗಳೂ ಮುಗಿಸಿದವು. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ನಗರದ ಬಾಬಿ ಯಾರ್ ಕಮರಿಯಲ್ಲಿ ನಾಜಿಗಳು ಕೊಂದ ಯಹೂದಿಗಳ ಸಂಖ್ಯೆ 33,771. ಅಲ್ಲಿ 1976ರಲ್ಲಿ ಎದ್ದ ಸೋವಿಯತ್ ಸ್ಮಾರಕ ಅವರನ್ನು ಯಹೂದಿಗಳೆಂದು ಹೇಳಲಿಲ್ಲ, ಸೋವಿಯತ್ ಪ್ರಜೆಗಳೆಂದಿತು. 1948ರ ಜನವರಿಯಲ್ಲಿ ಯಿಡ್ಡಿಷ್ ರಂಗಭೂಮಿಯ ಮಹಾನಟ ಸೊಲೊಮೋನ್ ಮಿಖೋಯೆಲ್ಸ್ ಅವರನ್ನು ಸ್ಟಾಲಿನ್ನನ ಆಡಳಿತ ಮಿನ್ಸ್ಕ್‌ನಲ್ಲಿ ಕೊಂದು ಅಪಘಾತವೆಂದು ಸಾರಿತು. 1952ರ ಆಗಸ್ಟ್ 12ರಂದು ಪೆರೆತ್ಸ್ ಮಾರ್ಕಿಶ್, ಡೇವಿಡ್ ಬೆರ್ಗೆಲ್ಸನ್ ಮೊದಲಾದ ಯಿಡ್ಡಿಷ್ ಬರಹಗಾರರು ಸೇರಿ 13 ಜನರಿಗೆ ಮರಣದಂಡನೆಯಾಯಿತು. ಈ ಎರಡು ಘಟನೆಗಳ ನಡುವೆ, 1948ರ ಶರತ್ಕಾಲದಲ್ಲಿ, ಹೊಸದಾಗಿ ಹುಟ್ಟಿದ ಇಸ್ರೇಲಿನ ಪ್ರತಿನಿಧಿಯಾಗಿ ಬಂದ ಗೋಲ್ಡಾ ಮೇಯರ್ ಅವರನ್ನು ನೋಡಲು ಮಾಸ್ಕೋದ ಸಿನಗಾಗಿನ ಮುಂದೆ ಸಾವಿರಾರು ಜನ ನೆರೆದರು. ಪ್ರಾರ್ಥನೆ ಬಾರದಿದ್ದರೂ, ಅಕ್ಷರ ತಿಳಿಯದಿದ್ದರೂ ಬಂದು ನಿಂತ ಆ ಗುಂಪಿನ ಚಿತ್ರ ಮುಂದೆ ಇಸ್ರೇಲಿನ 10,000 ಶೆಕೆಲ್ ನೋಟಿನ ಹಿಂಬದಿಯಲ್ಲಿ ಅಚ್ಚಾಯಿತು.

ಬಾರದವರೂ ಬರಬಹುದು ಎಂಬುದೇ ಇಂದಿನ ಕೂಟಗಳ ಮೂಲ ಬಂಡವಾಳ. ಸಿನಗಾಗಿನ ಹೊಸ್ತಿಲು ದಾಟಲು ಹಿಂಜರಿಯುವವರು ಸೋವಿಯತ್ ಪೀಳಿಗೆಯಲ್ಲಿ ಬಹಳ. ಯಾವಾಗ ಏಳಬೇಕು, ಯಾವಾಗ ಕೂರಬೇಕು, ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕು ಎಂಬುದು ತಿಳಿಯದ ಐವತ್ತು ವರ್ಷದ ಎಂಜಿನಿಯರಿಗೆ ಅಲ್ಲಿ ಮಗುವಾಗಿ ನಿಲ್ಲುವ ಮುಜುಗರ. ಕಲಿಕಾಕೂಟದಲ್ಲಿ ಆತ ತನಗೆ ಪರಿಚಿತವಾದ ದಾರಿಯಿಂದ ಒಳಗೆ ಬರಬಹುದು. ರಷ್ಯನ್ ಕಾವ್ಯವನ್ನು ಓದಿಕೊಂಡವರು ಕವಿ ಓಸಿಪ್ ಮಾಂಡೆಲ್‌ಶ್ಟಾಮ್ ಅವರ ಯಹೂದಿ ಬೇರುಗಳ ಮೇಲಿನ ಗೋಷ್ಠಿಗೆ ಕೂರುತ್ತಾರೆ. ಅಲ್ಲಿಂದ ಪ್ರವಾದಿಗಳ ಭಾಷೆಗೆ ಒಂದೇ ಹೆಜ್ಜೆ. ನಡೆಯುವ ಊರೂ ಪಾಠದ ಭಾಗವಾಗುತ್ತದೆ. ಬೆಲರೂಸಿನಲ್ಲಿ ನಡೆದರೆ ವಿತೆಬ್ಸ್ಕ್‌ನ ಚಿತ್ರಕಾರ ಮಾರ್ಕ್ ಶಗಾಲ್, ಬ್ರೆಸ್ಟ್‌ನಲ್ಲಿ ಹುಟ್ಟಿ ಮುಂದೆ ಇಸ್ರೇಲಿನ ಪ್ರಧಾನಿಯಾದ ಮೆನಾಹೆಮ್ ಬೆಗಿನ್. ಉಕ್ರೇನಿನಲ್ಲಿ ನಡೆದರೆ ಒಡೆಸ್ಸಾದ ಕತೆಗಾರ ಇಸಾಕ್ ಬಾಬೆಲ್, ಬುಚಾಚ್‌ನ ಹೀಬ್ರೂ ಬರಹಗಾರ ಎಸ್. ವೈ. ಅಗ್ನಾನ್, ಕೀವ್‌ನಲ್ಲಿ ಹುಟ್ಟಿದ ಗೋಲ್ಡಾ ಮೇಯರ್. ಯಹೂದಿ ಎಂಬುದು ನಾಚಿಕೆಯ ಕಾಲಂ ಎಂದು ಕೇಳಿ ಬೆಳೆದವರಿಗೆ ತಮ್ಮ ಬೀದಿಯಲ್ಲೇ ಇಷ್ಟೆಲ್ಲ ಇತ್ತು ಎಂದು ತಿಳಿಯುವುದು ಸಣ್ಣ ವಿಷಯವಲ್ಲ.

ಇಲ್ಲಿನ ಓದಿನ ಕ್ರಮವನ್ನೂ ಹತ್ತಿರದಿಂದ ನೋಡಬೇಕು. ತಾಲ್ಮುದಿನ ಅಚ್ಚಾದ ಪುಟದ ನಡುವೆ ಮೂಲ ಪಠ್ಯ ಇರುತ್ತದೆ. ಒಂದು ಮಗ್ಗುಲಲ್ಲಿ 11ನೆಯ ಶತಮಾನದ ‘ರಾಶಿ’ ಎಂಬ ವಿದ್ವಾಂಸನ ವ್ಯಾಖ್ಯಾನ, ಇನ್ನೊಂದು ಮಗ್ಗುಲಲ್ಲಿ ಆತನ ನಂತರದ ಪೀಳಿಗೆಯವರು ಆತನನ್ನೇ ಪ್ರಶ್ನಿಸುವ ‘ತೊಸಾಫೋತ್’ ಎಂಬ ಟಿಪ್ಪಣಿಗಳು, ಅಂಚುಗಳಲ್ಲಿ ಮತ್ತಷ್ಟು ಟಿಪ್ಪಣಿ. ಮೂಲ, ಟೀಕೆ, ಟೀಕೆಯ ಮೇಲಿನ ಟೀಕೆ ಎಲ್ಲವೂ ಒಂದೇ ಹಾಳೆಯ ಮೇಲೆ ಶತಮಾನಗಳ ಅಂತರವನ್ನು ಮರೆತು ವಾದಿಸುತ್ತಿರುತ್ತವೆ. ಜಗತ್ತಿನೆಲ್ಲೆಡೆ ಇಂದಿಗೂ ಬಳಕೆಯಲ್ಲಿರುವ ಪುಟವಿನ್ಯಾಸ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಿಲ್ನಾ ನಗರದ ರೋಮ್ ಮುದ್ರಣಾಲಯದಲ್ಲಿ 1880ರ ದಶಕದಲ್ಲಿ ಅಚ್ಚಾದದ್ದು. ಅಂದರೆ ಈ ಕೂಟಗಳಿಗೆ ಬರುವವರ ಮುತ್ತಜ್ಜಂದಿರ ನೆಲದಲ್ಲೇ ಆ ಪುಟ ರೂಪುಗೊಂಡಿತು. ಅದನ್ನು ಒಬ್ಬರೇ ಓದುವ ರೂಢಿಯಿಲ್ಲ. ಇಬ್ಬರು ಎದುರುಬದುರು ಕೂತು, ಒಬ್ಬರು ಓದಿ ಇನ್ನೊಬ್ಬರು ತಡೆದು, ಸದ್ದು ಮಾಡುತ್ತ ಓದುವ ಈ ಜೋಡಿ ಓದಿಗೆ ‘ಹವ್ರುತಾ’ ಎಂದು ಹೆಸರು. ಒಂದೇ ಸರಿಯುತ್ತರವನ್ನು ಒಪ್ಪಿಸಬೇಕಾದ ಶಾಲೆಗಳಲ್ಲಿ ಕಲಿತವರಿಗೆ, ಪೂಜ್ಯ ಗ್ರಂಥವೇ ಜಗಳವಾಡಲು ಕರೆಯುತ್ತದೆ ಎಂಬುದು ಹೊಸ ಅನುಭವ. ಸ್ವರ್ಗದ ಸಲುವಾಗಿ ಮಾಡಿದ ವಾದ ಉಳಿಯುತ್ತದೆ ಎಂಬ ಹಳೆಯ ಯಹೂದಿ ಮಾತನ್ನು ಲಿಮ್ಮುದ್ ತನ್ನ ತತ್ತ್ವಗಳಲ್ಲಿ ಒಂದಾಗಿ ಇಟ್ಟುಕೊಂಡಿದೆ.

ಇದರ ಮೇಲೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಆಚರಣೆಯಿಲ್ಲದ ಸಂಸ್ಕೃತಿ ಒಂದು ಪೀಳಿಗೆಗಿಂತ ಹೆಚ್ಚು ಬಾಳದು, ವಾರಾಂತ್ಯದ ಗೋಷ್ಠಿಗಳಿಂದ ಸಮುದಾಯ ಕಟ್ಟಲಾಗದು ಎನ್ನುತ್ತಾರೆ ಸಂಪ್ರದಾಯಸ್ಥರು. ಬಾಳುವಿಕೆಯ ಬಗ್ಗೆ ಅವರ ಎಚ್ಚರಿಕೆ ನಿಜವೇ. ಆದರೆ ‘ಯಾರು ಯಹೂದಿ’ ಎಂಬುದಕ್ಕೆ ಈ ಜನರ ಬದುಕಿನಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ. ಸೋವಿಯತ್ ಕಾನೂನಿನಲ್ಲಿ ಹದಿನಾರು ವರ್ಷ ತುಂಬಿದಾಗ ತಂದೆಯ ಇಲ್ಲವೇ ತಾಯಿಯ ರಾಷ್ಟ್ರೀಯತೆಯನ್ನು ಆರಿಸಿಕೊಳ್ಳಬಹುದಿತ್ತು. ಧರ್ಮಶಾಸ್ತ್ರದಲ್ಲಿ ತಾಯಿಯ ವಂಶವೇ ಆಧಾರ. ಇಸ್ರೇಲಿನ 1950ರ ಮರಳಿಬರುವ ಹಕ್ಕಿನ ಕಾನೂನು, 1970ರ ತಿದ್ದುಪಡಿಯ ನಂತರ, ಒಬ್ಬ ಅಜ್ಜ ಅಥವಾ ಅಜ್ಜಿ ಯಹೂದಿಯಾಗಿದ್ದರೂ ಸಾಕೆನ್ನುತ್ತದೆ. ತಂದೆಯ ಕಡೆಯಿಂದ ಯಹೂದಿಯಾದವರನ್ನು ಸೋವಿಯತ್ ಕಚೇರಿ ಯಹೂದಿಯೆಂದು ಹೊರಗಿಟ್ಟಿತು, ಇಸ್ರೇಲ್ ಯಹೂದಿ ಬಂಧುವೆಂದು ಒಳಗೆ ಕರೆಯಿತು, ಮದುವೆಯ ಹೊತ್ತಿಗೆ ರಬ್ಬಿಗಳ ನ್ಯಾಯಪೀಠ ಯಹೂದಿಯಲ್ಲವೆಂದಿತು. ಅಂಥವರನ್ನು ಯಾವ ದಾಖಲೆಯನ್ನೂ ಕೇಳದೆ ಬರಮಾಡಿಕೊಂಡು, ಈ ಪುಟ ನಿಮ್ಮದೂ ಹೌದು ಎನ್ನುವ ಜಾಗ ಬೇಕೇಬೇಕು. ಸಮಾಧಾನದ ಮಾತಿಗಿಂತ ದೊಡ್ಡದು ಅದು, ಕಸಿದುಕೊಂಡ ಹಕ್ಕನ್ನು ಹಿಂದಿರುಗಿಸುವುದು.

ಈಗ ಯುದ್ಧಕ್ಕೆ ಬರೋಣ. 1989ರ ಸೋವಿಯತ್ ಜನಗಣತಿಯಲ್ಲಿ ಯಹೂದಿಗಳೆಂದು ದಾಖಲಾದವರು ಸುಮಾರು 14.5 ಲಕ್ಷ. ಅಲ್ಲಿಂದಾಚೆ ಕುಟುಂಬದವರೂ ಸೇರಿ ಸುಮಾರು 10 ಲಕ್ಷ ಜನ ಇಸ್ರೇಲಿಗೆ ಹೋದರು. ಜರ್ಮನಿಯೊಂದಕ್ಕೇ 2 ಲಕ್ಷಕ್ಕೂ ಹೆಚ್ಚು ಜನ ಹೋದರು. ರಷ್ಯಾದ 2010ರ ಜನಗಣತಿಯಲ್ಲಿ ಉಳಿದಿದ್ದವರು ಸುಮಾರು 1,57,000, 2021ರ ಗಣತಿಯ ಹೊತ್ತಿಗೆ ಸುಮಾರು 83,000. ಹೀಗೆ ಚದುರಿದವರನ್ನು ಹಿಡಿದಿಟ್ಟ ದಾರ ಭಾಷೆ. ಇಸ್ರೇಲಿನ ಅಶ್ದೋದ್, ಬರ್ಲಿನ್, ಬ್ರೂಕ್ಲಿನ್, ಖಾರ್ಕಿವ್ ಎಲ್ಲಿಂದ ಬಂದರೂ ಊಟದ ಮೇಜಿನಲ್ಲಿ ರಷ್ಯನ್ ಮಾತಾಡಬಹುದಿತ್ತು. ಮಧ್ಯ ಏಷ್ಯಾದ ಬುಖಾರಾದ ಯಹೂದಿಗಳು, ಕಾಕಸಸ್‌ನ ಗುಡ್ಡಗಾಡಿನ ಯಹೂದಿಗಳು, ಜಾರ್ಜಿಯಾದವರು ಮನೆಯಲ್ಲಿ ಬೇರೆ ಬೇರೆ ನುಡಿಯವರು. ಯಿಡ್ಡಿಷ್ ಅವರಿಗೆ ಪರಕೀಯ. ಅವರೆಲ್ಲರನ್ನೂ ಉಕ್ರೇನ್, ಬೆಲರೂಸ್‌ಗಳವರ ಜೊತೆ ಕೂರಿಸಿದ್ದು ರಷ್ಯನ್ ಭಾಷೆಯೇ. ಯಹೂದಿಗಳಿಗೆ ಆ ಭಾಷೆಯನ್ನು ಕಲಿಸಿದ್ದು ಸಾಮ್ರಾಜ್ಯದ ಒತ್ತಡ ನಿಜ, ಆದರೆ ಅದರಲ್ಲಿ ಪ್ರೀತಿಸಿದ್ದು, ಮಕ್ಕಳಿಗೆ ಜೋಗುಳ ಹಾಡಿದ್ದು ಅವರೇ.

2022ರ ನಂತರ ಆ ಮೇಜಿನಲ್ಲಿ ಮೊದಲಿನಂತೆ ಕೂರುವುದು ಸುಲಭವಿಲ್ಲ. ಖಾರ್ಕಿವ್, ಮರಿಯುಪೋಲ್, ಒಡೆಸ್ಸಾ, ದ್ನಿಪ್ರೋ ಇವು ಉಕ್ರೇನಿನ ಯಹೂದಿಗಳು ಹೆಚ್ಚಾಗಿ ನೆಲೆಸಿದ್ದ, ಹೆಚ್ಚಾಗಿ ರಷ್ಯನ್ ಮಾತಾಡುತ್ತಿದ್ದ ಊರುಗಳು. ರಷ್ಯನ್ ಭಾಷಿಕರನ್ನು ಕಾಪಾಡಲು ಬಂದಿದ್ದೇವೆ ಎಂದವರ ಬಾಂಬು ಮೊದಲು ಬಿದ್ದದ್ದು ರಷ್ಯನ್ ಭಾಷಿಕರ ಮನೆಗಳ ಮೇಲೆ. ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಜೆಲೆನ್‌ಸ್ಕಿ ಕ್ರಿವಿ ರಿಹ್ ಎಂಬ ಊರಿನ ಯಹೂದಿ ಕುಟುಂಬದವರು, ರಷ್ಯನ್ ಅವರ ಮಾತೃಭಾಷೆ. ದಾಳಿಯ ನಂತರ ಅಲ್ಲಿನ ಅನೇಕ ಯಹೂದಿಗಳು ಮನೆಯಲ್ಲೂ ಉಕ್ರೇನಿಯನ್ ಮಾತಾಡಲು ಶುರುಮಾಡಿದ್ದಾರೆ. ಅವರ ಮಟ್ಟಿಗೆ ‘ರಷ್ಯನ್ ಮಾತಾಡುವ ಯಹೂದಿಗಳು’ ಎಂಬ ಹೆಸರೇ ಈಗ ನೋವಿನದು. ಅತ್ತ ರಷ್ಯಾದಿಂದಲೂ ಜನ ಹೊರಟರು. ಮಾಸ್ಕೋದ ಮುಖ್ಯ ರಬ್ಬಿಯಾಗಿದ್ದ ಪಿನ್ಹಾಸ್ ಗೋಲ್ಡ್‌ಶ್ಮಿಟ್ ಯುದ್ಧವನ್ನು ಬೆಂಬಲಿಸಲೊಪ್ಪದೆ 2022ರ ಮಾರ್ಚಿನಲ್ಲಿ ದೇಶ ಬಿಟ್ಟರು. ಅದೇ ಜುಲೈನಲ್ಲಿ ರಷ್ಯಾದ ನ್ಯಾಯ ಇಲಾಖೆ ಯಹೂದಿ ಏಜೆನ್ಸಿಯ ಶಾಖೆಯನ್ನು ಮುಚ್ಚಿಸಲು ನ್ಯಾಯಾಲಯಕ್ಕೆ ಹೋಯಿತು. ಆ ವರ್ಷ ಇಸ್ರೇಲಿಗೆ ವಲಸೆ ಬಂದ 70,000ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ರಷ್ಯಾದವರು. ಬಾಂಬಿನಿಂದ ಓಡಿಬಂದವರೂ, ಬಾಂಬು ಹಾಕುವ ಸರ್ಕಾರದಿಂದ ಓಡಿಬಂದವರೂ ಒಂದೇ ಹೀಬ್ರೂ ತರಗತಿಯಲ್ಲಿ, ಒಂದೇ ಕೂಟದಲ್ಲಿ ಅಕ್ಕಪಕ್ಕ ಕೂರಬೇಕಾಯಿತು.

ಹಣದ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ರಷ್ಯನ್ ಭಾಷಿಕ ಯಹೂದಿಗಳ ಸಾಂಸ್ಕೃತಿಕ ಕೆಲಸಗಳಿಗೆ ದೊಡ್ಡ ಆಸರೆಯಾಗಿದ್ದ ಜೆನೆಸಿಸ್ ಫಿಲಾಂಥ್ರೊಪಿ ಗ್ರೂಪ್ ಹುಟ್ಟಿದ್ದು ರಷ್ಯಾದಲ್ಲಿ ಸಂಪತ್ತು ಗಳಿಸಿದ ಉದ್ಯಮಿಗಳಿಂದ. 2022ರಲ್ಲಿ ಯುರೋಪಿನ ನಿರ್ಬಂಧಗಳಿಗೆ ಒಳಗಾದ ಮಿಖಾಯಿಲ್ ಫ್ರಿಡ್‌ಮನ್, ಪ್ಯೋತರ್ ಅವೆನ್ ಅದರ ಮಂಡಳಿಯಿಂದ ಹೊರಬಂದರು. ಗೋಷ್ಠಿ ನಡೆಸುವವರು ಸಂಭಾವನೆ ಪಡೆಯದಿದ್ದರೂ ಹೋಟೆಲಿನ ಕೋಣೆ, ಊಟ, ಕಾವಲು ಇವಕ್ಕೆ ದುಡ್ಡು ಬೇಕು. ಅದರಲ್ಲೂ ಕಾವಲಿನ ಖರ್ಚು ಈಗ ಪಕ್ಕಕ್ಕಿಡುವಂಥದ್ದಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ, ಅದೇ ತಿಂಗಳ 29ರಂದು ಟೆಲ್ ಅವೀವ್‌ನಿಂದ ಬಂದ ವಿಮಾನದ ಪ್ರಯಾಣಿಕರನ್ನು ಹುಡುಕುತ್ತ ಗುಂಪೊಂದು ರಷ್ಯಾದ ದಾಗೆಸ್ತಾನ ಪ್ರಾಂತ್ಯದ ಮಖಾಚ್ಕಲಾ ವಿಮಾನ ನಿಲ್ದಾಣಕ್ಕೆ ನುಗ್ಗಿತು. 2024ರ ಜೂನಿನಲ್ಲಿ ಅದೇ ಪ್ರಾಂತ್ಯದ ದೆರ್ಬೆಂಟ್‌ನ ಸಿನಗಾಗಿಗೆ ಬೆಂಕಿ ಬಿತ್ತು.

ಹಾಗಾದರೆ ರಷ್ಯನ್ ಭಾಷೆಯನ್ನು ಬಿಡಬೇಕೇ? ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾಷೆ ಸರ್ಕಾರದ ಆಸ್ತಿಯಲ್ಲ. ಹೀಬ್ರೂ ಪಾಠ ಹೇಳಿಕೊಟ್ಟವರು ಜೈಲಿಗೆ ಹೋಗುವ ಮುನ್ನ ವ್ಯಾಕರಣ ವಿವರಿಸಿದ್ದು ರಷ್ಯನ್‌ನಲ್ಲೇ, ಪ್ರಭುತ್ವವನ್ನು ಎದುರಿಸಿದ ಪತ್ರಗಳನ್ನು ಬರೆದದ್ದೂ ಅದರಲ್ಲೇ. ಅದನ್ನು ಕ್ರೆಮ್ಲಿನ್ನಿಗೆ ಬಿಟ್ಟುಕೊಟ್ಟರೆ ಆ ಧೈರ್ಯದ ದಾಖಲೆಯನ್ನೂ ಬಿಟ್ಟುಕೊಟ್ಟಂತೆ. ಆದರೆ ಉಕ್ರೇನಿನವರ ಮುಂದೆ ಕೂತು, ಭಾಷೆಗೂ ರಾಜಕಾರಣಕ್ಕೂ ಸಂಬಂಧವಿಲ್ಲ ಎಂದು ಉಪದೇಶಿಸುವ ಹಕ್ಕೂ ಯಾರಿಗೂ ಇಲ್ಲ. ಕೂಟಗಳು ಇನ್ನು ಬಹುಭಾಷೆಯ ಕೂಟಗಳಾಗಲೇಬೇಕು. ಒಂದು ಕೋಣೆಯಲ್ಲಿ ಉಕ್ರೇನಿಯನ್, ಒಂದರಲ್ಲಿ ರಷ್ಯನ್, ಮಕ್ಕಳ ಕೋಣೆಯಲ್ಲಿ ಹೀಬ್ರೂ ಅಥವಾ ಇಂಗ್ಲಿಷ್ ನಡೆಯಲಿ. ಇಸ್ರೇಲ್, ಅಮೆರಿಕಗಳಲ್ಲಿ ಹುಟ್ಟಿದ ಮಕ್ಕಳ ಕಾರಣದಿಂದ ಈ ಬದಲಾವಣೆ ಹೇಗೂ ಬರುವುದಿತ್ತು, ಯುದ್ಧ ಅದನ್ನು ಬೇಗ ತಂದಿದೆ. ಯಾವ ಭಾಷೆಯಲ್ಲಿ ಕಲಿಸಬೇಕೆಂದು ಮೇಲಿನವರು ತೀರ್ಮಾನಿಸದೆ ಕಲಿಯಲು ಬಂದವರೇ ತೀರ್ಮಾನಿಸುವುದು ಈ ಕೂಟಗಳ ಸ್ವಭಾವಕ್ಕೂ ಒಪ್ಪುವಂಥದ್ದು.

ಹಳೆಯ ಸೋವಿಯತ್ ನಾಡುಗಳ ಸಿನಗಾಗುಗಳಲ್ಲಿ ಸಿಗುವ ಒಂದು ಬಗೆಯ ಪ್ರಾರ್ಥನಾ ಪುಸ್ತಕದಲ್ಲಿ ಹೀಬ್ರೂ ಮೂಲವಿರುತ್ತದೆ. ಪಕ್ಕದಲ್ಲಿ ರಷ್ಯನ್ ಅನುವಾದ, ಅದರ ಜೊತೆಗೆ ಹೀಬ್ರೂ ಅಕ್ಷರ ಬಾರದವರಿಗಾಗಿ ಅದೇ ಹೀಬ್ರೂ ಮಾತುಗಳು ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ. ಅಜ್ಜಿ ಮೂರನೆಯದನ್ನು ಹಿಡಿದು ಉಚ್ಚರಿಸಿದರೆ ಮೊಮ್ಮಗಳು ಮೊದಲನೆಯದನ್ನು ನೇರವಾಗಿ ಓದುತ್ತಾಳೆ. ಇಬ್ಬರ ಬಾಯಲ್ಲೂ ಬರುವ ಪದ ಒಂದೇ. ಯುದ್ಧ ಶುರುವಾದ ಮೇಲೆ ಉಕ್ರೇನಿನ ಯಹೂದಿಗಳು ಕೀರ್ತನೆಗಳ ಪುಸ್ತಕವನ್ನು ಉಕ್ರೇನಿಯನ್ ಅನುವಾದದೊಂದಿಗೆ ಅಚ್ಚು ಹಾಕಿಸಿಕೊಂಡಿದ್ದಾರೆ. ಅದರಲ್ಲಿಯೂ ಎದುರಿಗಿರುವ ಮೂಲ ಅದೇ, ‘ಎಮೆಸ್’ ಎಂಬ ಪದ ಅದರ ಮೂರೂ ಅಕ್ಷರಗಳೊಂದಿಗೆ ಇದೆ.